ಹೊಲದ ಶೆಡ್ಡಿನ ಪಾಯ: ಒಂದು ತಾತ್ವಿಕ ಅನುಸಂಧಾನ

1. ಪ್ರಸ್ತಾವನೆ: ಬೇವೂರು ಸೀಮೆಯ ಹೊಲಗಳಲ್ಲಿ ಕುಂಟಿ, ಕೂರಿಗೆ, ಗೊಬ್ಬರದ ಚೀಲ ಇಡಲು ಕಟ್ಟಿಗೆ ಕಂಬ ನಿಲ್ಲಿಸಿ ತಗಡು ಹೊದಿಸಿದ್ದನ್ನು ಜನಸಾಮಾನ್ಯರು ಶೆಡ್ಡು ಎನ್ನುವರು. ವಿದ್ವತ್ ವಲಯವು ಇದನ್ನು ‘ಕೃಷ್ಯುಪಕರಣ ಸಂರಕ್ಷಣಾ ಕಾಷ್ಠಾಲಯ’ ಎಂದು ಕರೆಯತಕ್ಕದ್ದು. ಅದರ ಪಾಯವನ್ನು ಬಹುಶಿಸ್ತೀಯ ನೆಲೆಯಲ್ಲಿ ನೋಡುವ ಅಗತ್ಯ ಯಾರಿಗೂ ಕಂಡಿಲ್ಲ. ಆ ಕಾಣದಿರುವಿಕೆಯೇ ಪ್ರಸ್ತುತ ಅಧ್ಯಯನದ ಅಗತ್ಯ.

2. ಭೂ-ಸಂಕಥನ: ಇಲ್ಲಿನ ಎರೆ ಭೂಮಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವಿದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಇದು ಋತುಸಾಪೇಕ್ಷ ಅಸ್ಮಿತೆಯುಳ್ಳ ನೆಲ. ಮಳೆಗಾಲದಲ್ಲಿ ಕಂಬವನ್ನು ಎತ್ತುವುದು ಪ್ರತಿರೋಧ. ಬೇಸಿಗೆಯಲ್ಲಿ ವಾಲಿಸುವುದು ನಿರಾಕರಣೆ. ಮಸಾರಿ ನೆಲ ಹೀಗೆಲ್ಲ ಮಾಡದ ಕಾರಣ ಅದಕ್ಕೆ ಸಂಶೋಧನಾ ಮೌಲ್ಯವಿಲ್ಲ.

3. ಪಾಯದ ಪ್ರಭೇದಗಳು ಐದು:

(ಅ) ಉದ್ಘಾಟನಾತ್ಮಕ: ಗಣ್ಯರು ಹೂಮಾಲೆ ಸುತ್ತಿದ ಗುದ್ದಲಿಯನ್ನು ನೆಲಕ್ಕೆ ಮುಟ್ಟಿಸುವಂಥದು. ಆಳ ಎರಡು ಬೆರಳು, ಊಟ ಐನೂರು ಎಲೆ.

(ಆ) ಅಂದಾಜುಪತ್ರಿಕಾತ್ಮಕ: ನಕ್ಷೆಯಲ್ಲಿ ಮೂರಡಿ, ಬಿಲ್ಲಿನಲ್ಲಿ ನಾಲ್ಕಡಿ, ಹೊಲದಲ್ಲಿ ಒಂದಡಿ.

(ಇ) ಪ್ರಾಗೈತಿಹಾಸಿಕ: ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಜನ ಮೋರ್ಯರ ಮನೆ ಎನ್ನುವ ಬೃಹತ್ ಶಿಲಾ ಕಾಲದ ಕೋಣೆಗಳು ಎರಡು ಸಾವಿರ ವರ್ಷ ದಾಟಿಯೂ ನಿಂತಿವೆ. ಬಂಡೆಯ ಮೇಲೆ ಆ ಚಪ್ಪಡಿ ನಿಲ್ಲಿಸಿದವರು ಯಾವುದೇ ಕಾರ್ಯಾಗಾರಕ್ಕೆ ಹಾಜರಾದ ದಾಖಲೆಯಿಲ್ಲ.

(ಈ)... ಹೋಗಲಿ ಬಿಡಿ. ಇಂಥ ಪ್ರಬಂಧಗಳಲ್ಲಿ ಐದು ಇರಲೇಬೇಕು, ಅದಕ್ಕೇ ಐದು ಎಂದದ್ದು.

ಅಸಲಿಗೆ ಮಾಡಬೇಕಾದ್ದು ಇಷ್ಟು: ಗುಂಡಿಯ ಎರೆ ತೆಗೆದು ಗರಸು ತುಂಬಿ, ನೀರು ಹೊಡೆದು ಗಟ್ಟಿಯಾಗಿ ಬಡಿಯಬೇಕು. ಕಂಬವನ್ನು ಮಣ್ಣಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿ ಕಬ್ಬಿಣದ ಪಟ್ಟಿಯಿಂದ ಬಿಗಿದರೆ ಗೆದ್ದಲೂ ಸುಲಭಕ್ಕೆ ಹತ್ತದು, ಗಾಳಿಗೆ ಕಂಬವೂ ಕಿತ್ತು ಹೋಗದು. ಬುಡದಲ್ಲಿ ನೀರು ನಿಲ್ಲಬಾರದು. ಉಬ್ಬುವ ಎರೆಯ ಮೇಲೆ ಉಬ್ಬದ ಮಣ್ಣಿನ ಪದರ ಹಾಸುವ ವಿಧಾನವನ್ನು ಐಐಟಿ ಬಾಂಬೆಯ ಆರ್.ಕೆ. ಕಟ್ಟಿಯವರು ಪ್ರಯೋಗ ಮಾಡಿ ತೋರಿಸಿದರು. ನಮ್ಮ ಗೌಂಡಿ ಅದನ್ನು ಮೂರು ಮಾತಲ್ಲಿ ಮುಗಿಸುತ್ತಾನೆ: “ಎರಿ ತಗೀರಿ, ಗರಸು ಹಾಕ್ರಿ, ಜಗ್ಗಿ ಬಡೀರಿ.” ಈ ಮಾತು ಕೇಳಿಸಿಕೊಂಡು ಹೋಗಿ, ಹೇಳಿದವನನ್ನು ‘ಮಾಹಿತಿದಾರ’ ಎಂದು ಅಡಿಟಿಪ್ಪಣಿಗೆ ತಳ್ಳಿ, ಮೂವತ್ತು ಪುಟ ಹಿಗ್ಗಿಸಿ ಬಡ್ತಿ ಹೊಡೆಯುವವರಿಗೆ ನಾಚಿಕೆಯಾದರೂ ಬೇಡವೆ?

ಮಳೆ ಕೈಕೊಟ್ಟ ವರ್ಷ ಅದೇ ಗೌಂಡಿ ಹೆಂಡತಿ ಮಕ್ಕಳೊಂದಿಗೆ ಬೆಂಗಳೂರಿಗೆ ಗುಳೆ ಹೋಗುತ್ತಾನೆ. ಅಲ್ಲಿ ಇಪ್ಪತ್ತು ಅಂತಸ್ತಿಗೆ ಪಾಯ ತೋಡುತ್ತಾನೆ. ರಾತ್ರಿ ಮಲಗುವುದು ತಗಡಿನ ಶೆಡ್ಡಿನಲ್ಲಿ. ಅದಕ್ಕೆ ಪಾಯವೇ ಇರುವುದಿಲ್ಲ.

4. ಉಪಸಂಹಾರ: ಹೊಲದಲ್ಲಿ ಶೆಡ್ಡು ಹಾಕುವವರು ಪ್ರಬಂಧ ಓದಬೇಡಿ, ಇದನ್ನೂ. ಗೌಂಡಿ ಊರಲ್ಲಿದ್ದಾಗಲೇ ಅವನನ್ನು ಕರೆದು ಕೇಳಿ. ಸಂಜೆಗೆ ಮರೆಯದೆ ಕೂಲಿ ಕೊಡಿ.