ಅಟ್ಟದ ಮೇಲಿನ ಮೂಲಪುರುಷರು

ನೀಲಿ-ಕಪ್ಪು ಮೈ, ಬೆನ್ನಿಗೆ ಎರಡು ಆಂಟೆನಾ. ವೈ-ಫೈ ರೌಟರ್‌ಗಳ ವಂಶದಲ್ಲಿ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಅವರಿಗೆ ದೊಡ್ಡ ಹೆಸರು. 2002ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಕಾಲಿಟ್ಟ ಈ ಮಾದರಿಯ ಒಬ್ಬರು, ಯಜಮಾನರ ಆನ್‌ಸೈಟ್ ಮುಗಿದಾಗ ಸೂಟ್‌ಕೇಸಿನಲ್ಲಿ ಕೂತು ಅಮೆರಿಕದಿಂದ ಮೈಸೂರಿಗೆ ಬಂದವರು. ಈಗ ಅಟ್ಟದ ಮೇಲೆ, ಕೆಟ್ಟ ಮಿಕ್ಸಿಯ ಪಕ್ಕದಲ್ಲಿ ನಿವೃತ್ತಿ ಜೀವನ. ಧೂಳು ಒರೆಸಿ ಮಾತಿಗೆಳೆದೆವು.

ಪ್ರಶ್ನೆ: ರೌಟರನ್ನು ನಡೆಸುವ ಒಳಗಿನ ತಂತ್ರಾಂಶವೇ ಫರ್ಮ್‌ವೇರ್. ಹೊರಗಿನವರು ಬರೆದ ಫರ್ಮ್‌ವೇರ್ ನಿಮ್ಮೊಳಗೆ ಬಂದದ್ದು ಹೇಗೆ? ಕಂಪನಿ ಅಷ್ಟು ಉದಾರವಾಗಿತ್ತೇ?

ರೌಟರ್: ಉದಾರ! ನನ್ನೊಳಗೆ ಓಡುತ್ತಿದ್ದುದು ಲಿನಕ್ಸ್. ಅದರ ಜಿಪಿಎಲ್ ಪರವಾನಗಿಯ ಷರತ್ತು ಸರಳ: ಬಳಸು, ಮಾರು, ಆದರೆ ಕೊಂಡವರಿಗೆ ಸೋರ್ಸ್ ಕೋಡ್ ಕೊಡು. 2003ರಲ್ಲಿ ನಮ್ಮ ಕಂಪನಿಯನ್ನು ಸಿಸ್ಕೊ ಕೊಂಡಿತು. ಅದೇ ವರ್ಷ ಕೆಲವರು ನನ್ನ ಫರ್ಮ್‌ವೇರ್ ಬಿಚ್ಚಿ ನೋಡಿ ‘ಸೋರ್ಸ್ ಎಲ್ಲಿ ಸ್ವಾಮಿ?’ ಎಂದು ಪಟ್ಟು ಹಿಡಿದರು. ಕೊಡದೆ ವಿಧಿಯಿರಲಿಲ್ಲ. ಅದನ್ನೇ ಬುನಾದಿ ಮಾಡಿಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಸ್ವತಂತ್ರ ಫರ್ಮ್‌ವೇರ್ ಶುರುವಾಯಿತು. ಹಿಂದೆಯೇ ಡಿಡಿ-ಡಬ್ಲ್ಯುಆರ್‌ಟಿ, ಟೊಮ್ಯಾಟೊ ಎಲ್ಲ ಬಂದವು.

ಪ್ರಶ್ನೆ: ಆಮೇಲೆ ಕಂಪನಿ ಪಾಠ ಕಲಿಯಿತೇ?

ರೌಟರ್: ಚೆನ್ನಾಗಿ ಕಲಿಯಿತು. 2005ರ ಕೊನೆಗೆ ಬಂದ ಐದನೇ ಆವೃತ್ತಿಯಿಂದ ಲಿನಕ್ಸನ್ನೇ ಎತ್ತಿಬಿಟ್ಟಿತು. ಫ್ಲ್ಯಾಷ್ 4 ಎಂಬಿಯಿಂದ 2ಕ್ಕೆ, ರ್‍ಯಾಮ್ 16ರಿಂದ 8ಕ್ಕೆ ಇಳಿಯಿತು. ಹೊರಗೆ ಅದೇ ಡಬ್ಬ, ಅದೇ ಹೆಸರು. ಲಿನಕ್ಸೇ ಬೇಕೆಂದು ಹಟ ಹಿಡಿದವರಿಗೆ ನನ್ನ ಹಳೇ ರೂಪವನ್ನೇ ‘ಜಿಎಲ್’ ಎಂದು ಕರೆದು ಮಾರಿತು. ಕಿತ್ತುಕೊಂಡದ್ದನ್ನೇ ವಾಪಸ್ ಮಾರುವ ಜಾಣತನ ನನ್ನ ಮೆಮೊರಿಯಲ್ಲಿ ಹಿಡಿಸುವಂಥದ್ದಲ್ಲ.

ಪ್ರಶ್ನೆ: ಈಗಿನವರು ಯಾವ ಫರ್ಮ್‌ವೇರ್ ಆರಿಸಬೇಕು?

ರೌಟರ್: ಎಲ್ಲರೂ ಕೇಳುವುದು ‘ಯಾವುದು ಬೆಸ್ಟ್?’ ಅಂತ. ಮೊದಲು ರೌಟರನ್ನು ತಿರುಗಿಸಿ ಹಿಂಬದಿಯ ಚೀಟಿ ಓದಿ. ಅದೇ ಜಾತಕ, ಅದು ಕೂಡಿಬರದೆ ಮುಂದಿನ ಮಾತೇ ಇಲ್ಲ. ಟಿಪಿ-ಲಿಂಕ್ 841ಎನ್ ತಗೊಳ್ಳಿ. ಒಂದೇ ಹೆಸರಿನಲ್ಲಿ ಹತ್ತಕ್ಕೂ ಹೆಚ್ಚು ಆವೃತ್ತಿ. ಒಂಬತ್ತನೆಯದರಲ್ಲಿ ಕ್ವಾಲ್‌ಕಾಮ್ ಚಿಪ್, ಹದಿಮೂರನೆಯದರಲ್ಲಿ ಮೀಡಿಯಾಟೆಕ್. ಒಂದರ ಫೈಲ್ ಇನ್ನೊಂದಕ್ಕೆ ಹಾಕಿದರೆ ಬ್ರಿಕ್, ಅಂದರೆ ರೌಟರ್ ಬರೀ ಇಟ್ಟಿಗೆ.

ಚಿಪ್ ಬ್ರಾಡ್‌ಕಾಮ್ ಆಗಿದ್ದರೆ ಡ್ರೈವರ್‌ಗಳು ಮುಚ್ಚಿದ ಪೆಟ್ಟಿಗೆಯಲ್ಲಿರುತ್ತವೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅದರ ವೈ-ಫೈ ಬಹುಮಟ್ಟಿಗೆ ತೊಂದರೆಯೇ, ಫ್ರೆಶ್‌ಟೊಮ್ಯಾಟೊ ನೋಡಬಹುದು. ಆಸುಸ್ ರೌಟರ್‌ಗೆ ಮರ್ಲಿನ್ ಎಂಬ ಫರ್ಮ್‌ವೇರ್ ಇದೆ, ಅದೂ ಪಟ್ಟಿಯಲ್ಲಿರುವ ಮಾದರಿಗಳಿಗೆ ಮಾತ್ರ. ಹೊಸದಾಗಿ ಕೊಳ್ಳುವವರು 16 ಎಂಬಿ ಫ್ಲ್ಯಾಷ್, 128 ಎಂಬಿ ರ್‍ಯಾಮ್‌ಗಿಂತ ಕೆಳಗಿಳಿಯಬೇಡಿ. 4 ಎಂಬಿ, 32 ಎಂಬಿಯ ಬಡಪಾಯಿಗಳಿಗೆ ಓಪನ್‌ಡಬ್ಲ್ಯುಆರ್‌ಟಿಯ 19.07 ಸರಣಿಯೇ ಕೊನೆ. 2022ರಲ್ಲಿ ಅದರ ತಿದ್ದುಪಡಿಗಳೂ ನಿಂತವು.

ಪ್ರಶ್ನೆ: ಹೊಸ ಫರ್ಮ್‌ವೇರ್ ಹಾಕಿದವರು ಮೊದಲು ಮಾಡುವ ಕೆಲಸ?

ರೌಟರ್: ‘ವೈ-ಫೈ ಎಲ್ಲಿ ಹೋಯ್ತು?’ ಎಂದು ಬಾಯಿ ಬಡಿದುಕೊಳ್ಳುವುದು. ಓಪನ್‌ಡಬ್ಲ್ಯುಆರ್‌ಟಿ ಹೊಸದಾಗಿ ಕೂತಾಗ ವೈ-ಫೈ ಆಫ್ ಇರುತ್ತದೆ, ಕೇಬಲ್ ಚುಚ್ಚಿ ನಾವೇ ಆನ್ ಮಾಡಬೇಕು. ಎರಡನೇ ಕೆಲಸ, ಸಿಗ್ನಲ್ ಪವರ್ ಪೂರ್ತಿ ಏರಿಸುವುದು. ನಾನು ಮೂರನೇ ಬೀದಿಗೆ ಕೇಳುವ ಹಾಗೆ ಕೂಗಬಹುದು, ಆದರೆ ಅಲ್ಲಿಂದ ನಿಮ್ಮ ಫೋನು ಮೆಲ್ಲಗೆ ಕೊಟ್ಟ ಉತ್ತರ ನನಗೆ ಕೇಳಬೇಡವೇ? ಫೋನಿನಲ್ಲಿ ಕಡ್ಡಿ ಪೂರ್ತಿ, ಪುಟ ಮಾತ್ರ ತೆರೆಯದು.

ಪ್ರಶ್ನೆ: ಅಪ್‌ಡೇಟ್ ಬಗ್ಗೆ?

ರೌಟರ್: ಅಯ್ಯೋ, ಆ ಮಾತೆತ್ತಿದರೆ ಮನೆಯಲ್ಲಿ ಮೌನ. ಹಾಕುವ ದಿನದ ಉತ್ಸಾಹ ಬೇರೆ. ಕಂಪನಿಯವರು ಅಪ್‌ಡೇಟ್ ಕೊಡುವುದಿಲ್ಲ ಎಂದು ಬೈದು, ಹೊಸ ಫರ್ಮ್‌ವೇರ್ ಕೂರಿಸಿ, ಗೆಳೆಯರಿಗೆ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಆಮೇಲೆ ಮಗಳ ಮದುವೆಯಾಗಿ ಮೊಮ್ಮಗು ಹುಟ್ಟಿದರೂ ಅದೇ ಆವೃತ್ತಿ! ಕಂಪನಿಯನ್ನು ಹೊರಗೆ ಹಾಕಿದ ದಿನವೇ ಕಂಪನಿಯ ಕೆಲಸ ನಿಮ್ಮ ಹೆಗಲಿಗೆ ಬಂತು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಬೈಯಲು ಕಸ್ಟಮರ್ ಕೇರ್ ನಂಬರ್ ಬೇಕಿದ್ದರೆ ಕನ್ನಡಿ ನೋಡಿಕೊಳ್ಳಬೇಕು.

ಪ್ರಶ್ನೆ: ಮಾಡುವ ಮನಸ್ಸಿದ್ದವರಿಗೆ ಕ್ರಮ ಹೇಳಿ.

ರೌಟರ್: ಕಂಪನಿ ಫರ್ಮ್‌ವೇರ್ ತೆಗೆದು ಮೊದಲ ಸಲ ಹಾಕುವಾಗ ಸಾಮಾನ್ಯವಾಗಿ ‘ಫ್ಯಾಕ್ಟರಿ’ ಫೈಲು, ಆಮೇಲಿನ ಅಪ್‌ಡೇಟ್‌ಗಳಿಗೆ ‘ಸಿಸ್ಅಪ್‌ಗ್ರೇಡ್’ ಫೈಲು. ಇಳಿಸಿಕೊಂಡ ಫೈಲಿನ ಎಸ್‌ಎಚ್‌ಎ256 ಮೊತ್ತವನ್ನು ಡೌನ್‌ಲೋಡ್ ಪುಟದಲ್ಲಿ ಕೊಟ್ಟದ್ದರೊಂದಿಗೆ ತಾಳೆ ನೋಡಿ. ಸೆಟ್ಟಿಂಗ್‌ನ ಬ್ಯಾಕಪ್ ಕಂಪ್ಯೂಟರಿಗೆ ತೆಗೆದಿಡಿ. ವೈ-ಫೈ ಬೇಡ, ಕೇಬಲ್ಲೇ ಇರಲಿ. ರೌಟರ್ ಯುಪಿಎಸ್ ಮೇಲಿರಲಿ. ಮಳೆಗಾಲದ ಸಂಜೆ, ಅರ್ಧ ಬರೆದಾಗ ಕರೆಂಟ್ ಹೋದರೆ ನಾನು ಸೀದಾ ಈ ಮಿಕ್ಸಿಯ ಪಕ್ಕಕ್ಕೆ. ದೊಡ್ಡ ಆವೃತ್ತಿ ದಾಟುವಾಗ ಹಳೇ ಸೆಟ್ಟಿಂಗ್ ಉಳಿಸಿಕೊಳ್ಳಬಹುದೇ ಎಂದು ಬಿಡುಗಡೆ ಟಿಪ್ಪಣಿ ಓದಿ ತೀರ್ಮಾನಿಸಿ. ನೀವಾಗಿ ಸೇರಿಸಿದ ಪ್ಯಾಕೇಜುಗಳ ಪಟ್ಟಿ ಬರೆದಿಡಿ; ಸಾದಾ ಅಪ್‌ಡೇಟಿನಲ್ಲಿ ಅವು ಅಳಿಸಿಹೋಗುತ್ತವೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಇಂಟರ್‌ನೆಟ್ ಬರುತ್ತಿದ್ದರೆ ಸಾಲದೇ?

ರೌಟರ್: 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕಿಡಿಗೇಡಿ ತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳಲ್ಲಿ ಸೇರಿಕೊಂಡಿತ್ತು. ಆ ಮನೆಗಳಲ್ಲೂ ಇಂಟರ್‌ನೆಟ್ ಬರುತ್ತಲೇ ಇತ್ತು. ಕೊನೆಗೆ ಅಮೆರಿಕದ ಎಫ್‌ಬಿಐ ಜನರಿಗೆ ಹೇಳಿದ್ದೇನು? ‘ರೌಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ.’ ನಮ್ಮನೆ ಅಜ್ಜಿ ಟಿವಿಗೆ ಮಾಡುತ್ತಿದ್ದ ಚಿಕಿತ್ಸೆ!

ಪ್ರಶ್ನೆ: ಹಾಗಾದರೆ ನಿಮ್ಮನ್ನೇ ಮತ್ತೆ ಹಾಲ್‌ಗೆ ಇಳಿಸಿ, ಹೊಸ ಫರ್ಮ್‌ವೇರ್ ಹಾಕಿಬಿಡೋಣವೇ?

ರೌಟರ್: ಬೇಡಪ್ಪ. ನನ್ನ ವೈ-ಫೈ ಕಾಗದದ ಮೇಲೇ 54 ಎಂಬಿಪಿಎಸ್, ಪೋರ್ಟುಗಳು 100. ಇವತ್ತಿನ ಫರ್ಮ್‌ವೇರ್ ನನ್ನ 4 ಎಂಬಿಯಲ್ಲಿ ಕಾಲು ಚಾಚಲಾರದು. ಸ್ವತಂತ್ರ ತಂತ್ರಾಂಶ ನನ್ನ ಆಯಸ್ಸನ್ನು ಕಂಪನಿ ಬರೆದದ್ದಕ್ಕಿಂತ ಎಷ್ಟೋ ವರ್ಷ ಎಳೆಯಿತು, ಅದು ಸಾಕು. ನನ್ನನ್ನು ಇ-ತ್ಯಾಜ್ಯದವರಿಗೆ ಕೊಡಿ. ಕೊಡುವ ಮುನ್ನ ಮಾತ್ರ ಮರೆಯದೆ ರೀಸೆಟ್ ಗುಂಡಿ ಒತ್ತಿ ಹಿಡಿದು ಎಲ್ಲ ಅಳಿಸಿ. ಯಜಮಾನರ ಪಾಸ್‌ವರ್ಡ್ ಇನ್ನೂ ನನ್ನ ಹೊಟ್ಟೆಯಲ್ಲಿದೆ. ಬ್ಯಾಂಕಿಗೂ ಅವರು ಅದನ್ನೇ ಇಟ್ಟುಕೊಂಡಿದ್ದಾರೆ.