ದೊಡ್ಡಬಳ್ಳಾಪುರದ ಶೂನ್ಯ ಸಂಪಾದನೆ: ಒಂದು ಸಂಶೋಧನಾ ಪ್ರಬಂಧ

ಶೂನ್ಯದ ವಿಷಯದಲ್ಲಿ ನಮ್ಮವರಿಗೆ ಬಡತನವಿಲ್ಲ. 628ರಲ್ಲಿ ಬ್ರಹ್ಮಗುಪ್ತ ಅದನ್ನು ಕೂಡುವ, ಕಳೆಯುವ ನಿಯಮ ಕಟ್ಟಿಕೊಟ್ಟ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ, ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಅದು ಇದ್ದ ಹಾಗೇ ಉಳಿಯುತ್ತದೆ ಎಂದು ಬರೆದು ಎಡವಿದ. ಆಮೇಲೆ ಅಲ್ಲಮಪ್ರಭುವಿನ ಸುತ್ತ ‘ಶೂನ್ಯಸಂಪಾದನೆ’ಗಳೇ ನಾಲ್ಕು ಬಂದವು. ಐದನೆಯದು ದೊಡ್ಡಬಳ್ಳಾಪುರದಲ್ಲಿ, ನನ್ನ ಅಕ್ಕನ ಮನೆಯ ಹಿಂದಿನ ಮಗ್ಗದ ಶೆಡ್ಡಿನಲ್ಲಿ ನಡೆಯಿತು. ವಿದ್ವತ್‌ಲೋಕ ಅದನ್ನು ಇನ್ನೂ ಗಮನಿಸಿಲ್ಲವಾದ್ದರಿಂದ ಈ ಪ್ರಬಂಧ.

ಅಕ್ಕನ ಮಗ ಒಂದು 3018 ತರಿಸಿಕೊಂಡಿದ್ದಾನೆ. 3018 ಎಂದರೆ ಶಾಸನದ ಸಂಖ್ಯೆಯಲ್ಲ. 30 ಸೆಂಟಿಮೀಟರ್ ಉದ್ದ, 18 ಅಗಲ ಕೆತ್ತಬಲ್ಲ ಪುಟಾಣಿ ಸಿಎನ್‌ಸಿ ರೌಟರ್. ವಂಶವೃಕ್ಷ ನೋಡಿದರೆ ಇದು ಹೊರಗಿನದೂ ಅಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ತೂತು ಹೊಡೆದ ರಟ್ಟಿನಿಂದ ಮಗ್ಗಕ್ಕೆ ಹೂವು ಬಳ್ಳಿ ಹೇಳಿಕೊಟ್ಟ. 1952ರಲ್ಲಿ ಅಮೆರಿಕದ ಎಂಐಟಿಯವರು ತೂತಿನ ಕಾಗದದ ಪಟ್ಟಿಯನ್ನೇ ಓದಿಸಿ ಲೋಹ ಕಡೆಯುವ ಯಂತ್ರ ಓಡಿಸಿದರು. ಅಂದಮೇಲೆ ಸಿಎನ್‌ಸಿ ಜಕಾರ್ಡ್ ಮಗ್ಗದ ಮೊಮ್ಮಗ. ಊರ ತುಂಬ ಅಜ್ಜಂದಿರೇ ಖಟಖಟ ಅನ್ನುತ್ತಿರುವಾಗ ಮೊಮ್ಮಗನಿಗೆ ದಾರಿ ತಪ್ಪಬಾರದಿತ್ತು. ತಪ್ಪಿತು.

ಕಾರಣ, ಈ ಯಂತ್ರ ಹುಟ್ಟು ಕುರುಡು. ಹಲಗೆ ಎಲ್ಲಿದೆಯೋ ಅದಕ್ಕೆ ಕಾಣದು, ಮುಟ್ಟಿಯೇ ತಿಳಿಯಬೇಕು. ಹಲಗೆಯ ಮೇಲೆ ಲೋಹದ ಬಿಲ್ಲೆಯಿಟ್ಟು, ಬಿಟ್ಟಿಗೆ (ಕೆತ್ತುವ ಮೊನೆಗೆ) ಮೊಸಳೆ ಬಾಯಿಯ ಕ್ಲಿಪ್ಪು ಕಚ್ಚಿಸಿ, ಜಿ38.2 ಎಂಬ ಮಂತ್ರ ಹೇಳಬೇಕು. ಅದರ ಭಾಷ್ಯ: ‘ನಿಮಿಷಕ್ಕೆ 100 ಮಿಲಿಮೀಟರಿನಂತೆ ಇಳಿ, ಮುಟ್ಟಿದೊಡನೆ ನಿಲ್ಲು, 30 ಇಳಿದರೂ ಏನೂ ಸಿಗದಿದ್ದರೆ ಕೂಗಿಕೋ.’ ಬಿಟ್ಟು ಬಿಲ್ಲೆಗೆ ತಾಗಿದಾಗ ಎ5 ಎಂಬ ಪಿನ್ನಿನ 5 ವೋಲ್ಟು ನೆಲಕ್ಕಿಳಿಯುತ್ತದೆ. ಸೊನ್ನೆ ಸಿಗುವುದು ಹಾಗೆ.

ನಮ್ಮ ಹುಡುಗನ ಬಿಟ್ಟು ಬಿಲ್ಲೆಗೆ ತಾಗಿತು, ನಿಲ್ಲಲಿಲ್ಲ. ಬಿಲ್ಲೆಯಲ್ಲಿ ಗುಳಿ ತೋಡಿ, ಮೋಟರು ಗರ್ರೆಂದು ಒದ್ದಾಡಿ, ಕೊನೆಗೆ ಪರದೆಯ ಮೇಲೆ ‘ಅಲಾರಂ 5’ ಬಂತು. ಜಿಆರ್‌ಬಿಎಲ್ ಎಂಬ, ಯಂತ್ರ ನಡೆಸುವ ತಂತ್ರಾಂಶದ ಭಾಷೆಯಲ್ಲಿ ಅದರರ್ಥ: ಹೇಳಿದಷ್ಟು ದೂರ ಹೋದೆ, ಏನೂ ತಗುಲಲಿಲ್ಲ.

“ಮಾವ, ಚುಚ್ಚಿ ಗುಳಿ ಬಿದ್ದೈತೆ, ಮುಟ್ಟೇ ಇಲ್ಲ ಅಂತದಲ್ಲ ಇದು!”

ಇಲ್ಲಿ ಪಂಡಿತನ ಪ್ರವೇಶ. ‘ಇಲ್ಲ’ ಎಂಬುದು ಒಂದೇ ಬಗೆಯದಲ್ಲ, ವೈಶೇಷಿಕರು ಅಭಾವವನ್ನು ನಾಲ್ಕಾಗಿ ಹಂಚಿದ್ದಾರೆ ಎಂದು ನಾನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಶುರುಮಾಡಿದೆ. ಪ್ರಾಗಭಾವ: ಇನ್ನೂ ಹುಟ್ಟದ ಸಂಪರ್ಕ, ಎಂದರೆ ಕ್ಲಿಪ್ಪನ್ನೇ ಹಾಕಿಲ್ಲ. (ಹುಡುಗ ಒಮ್ಮೆ ಹಾಗೂ ಮಾಡಿ ಒಂದು ವಿ-ಬಿಟ್ಟಿನ ಮೂಗು ಮುರಿದಿದ್ದ.) ಅತ್ಯಂತಾಭಾವ: ಯಾವ ಕಾಲಕ್ಕೂ ಆಗದ ಸಂಪರ್ಕ, ಬಣ್ಣ ಕಟ್ಟಿದ ಆನೊಡೈಸ್ಡ್ ಅಲ್ಯೂಮಿನಿಯಂ ನೋಡಲು ಲೋಹ, ಮೈಮೇಲೆ ಕರೆಂಟು ಹರಿಯದು, ಉಪ್ಪುಕಾಗದದಿಂದ ಉಜ್ಜಿದರೆ ಮಾತ್ರ ಮೋಕ್ಷ. ಅನ್ಯೋನ್ಯಾಭಾವ: ಇದು ಅದಲ್ಲ, ಎ5 ಬಿಟ್ಟು ಪಕ್ಕದ ಪಿನ್ನಿಗೆ ಸಿಕ್ಕಿಸಿದ ವೈರು. ತಾರ್ಕಿಕರು ಇದಕ್ಕೆ ಗಡಿಗೆ ಬಟ್ಟೆಯಲ್ಲ ಎಂಬ ಉದಾಹರಣೆ ಕೊಡುತ್ತಾರೆ. ನೇಕಾರರ ಊರಿನಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದದ್ದು ಪ್ರಧ್ವಂಸಾಭಾವ, ಇದ್ದದ್ದು ಹಾಳಾಗಿ ಹೋಗುವುದು.

ಅಲಾರಂ 4 ನಮ್ಮ ಅಲಾರಂ 5ಕ್ಕೆ ತದ್ವಿರುದ್ಧ. ಹೊರಡುವ ಮೊದಲೇ ಮುಟ್ಟಿಯಾಗಿದೆ ಎನ್ನುತ್ತದೆ. ಕ್ಲಿಪ್ಪು ಬಿಲ್ಲೆಗೆ ಒರಗಿರುತ್ತದೆ, ಇಲ್ಲವೇ $6 ಎಂಬ ಸೆಟ್ಟಿಂಗು ತಲೆಕೆಳಗಾಗಿರುತ್ತದೆ. ಇನ್ನೊಂದು, ಗಾಳಿಯಲ್ಲೇ ಮುಟ್ಟಿದೆನೆಂದು ನಿಂತುಬಿಡುವುದು: ಬಿಟ್ಟನ್ನು ತಿರುಗಿಸುವ ಸ್ಪಿಂಡಲ್ ಮೋಟರಿನ ವೈರಿನ ಜೊತೆ ಕ್ಲಿಪ್ಪಿನ ಪ್ರೋಬ್ ವೈರು ಹೆಣೆದುಕೊಂಡು ಓಡಿದರೆ ಆಗುವ ಹಗ್ಗ-ಹಾವಿನ ಭ್ರಾಂತಿ. ಶಂಕರಾಚಾರ್ಯರು ಜ್ಞಾನದಿಂದ ಕಳೆದದ್ದನ್ನು ಇಲ್ಲಿ 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಕಳೆಯುತ್ತದೆ.

ನಾನು ಇಷ್ಟು ಹೇಳುವಷ್ಟರಲ್ಲಿ ಹುಡುಗನ ತಾತ ಬಂದು ಕೂತಿದ್ದರು. ಐವತ್ತು ವರ್ಷ ಮಗ್ಗದ ಮುಂದೆ ಕಳೆದವರು, ಕಿವಿ ಮಂದ. ಆ ದಿನ ನನ್ನ ಪ್ರಬಂಧದ ಮಟ್ಟಿಗೆ ಅದೊಂದು ಅನುಕೂಲ. ಅವರು ವೈರನ್ನು ಎತ್ತಿ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕಣ್ಣು ಬೇರೆಲ್ಲೋ ಇಟ್ಟು, ಮೆಲ್ಲಗೆ ಜಾರಿಸುತ್ತ ಹೋದರು. ಕ್ಲಿಪ್ಪಿಗೆ ಒಂದು ಗೇಣು ಇರುವಾಗ ಬೆರಳು ನಿಂತಿತು. ಅಲ್ಲಿ ಮಡಚಿದರು. ಮೇಲಿನ ಕೆಂಪು ಪ್ಲಾಸ್ಟಿಕ್ಕು ಸರಿಯಾಗಿಯೇ ಇತ್ತು, ಒಳಗೆ ಏನೂ ಇಲ್ಲದ ಹಾಗೆ ಬಳಕಿತು.

“ಎಳೆ ಕಡದೈತೆ, ನೋಡು.”

ಸುಲಿದರೆ ತಾಮ್ರ ಎರಡು ತುಂಡು. ಹುಡುಗ ಹೊಸೆದು ಬೆಸುಗೆ ಹಾಕಿದ. ಬಿಲ್ಲೆಯನ್ನು ಕೈಯಲ್ಲೇ ಕ್ಲಿಪ್ಪಿಗೆ ತಾಗಿಸಿ ಹಿಡಿದು, ಪರದೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದಾಗ ‘ಪಿಎನ್:ಪಿ’, ಎಂದರೆ ಮುಟ್ಟಿದೆ ಎಂದು ಉತ್ತರ ಬಂತು. ಈ ಪರೀಕ್ಷೆಯನ್ನು ಬಿಟ್ಟು ಇಳಿಸುವ ಮೊದಲೇ ಮಾಡಬೇಕಿತ್ತು. ನಾಲ್ಕು ಅಭಾವಗಳ ಭರದಲ್ಲಿ ನಾನು ಹೇಳಲು ಮರೆತಿದ್ದೆ.

ಸೊನ್ನೆ ಸಿಕ್ಕಿತು. ಆದರೆ ಮನೆ ಬಾಗಿಲಿಗೆಂದು ಕೆತ್ತಿದ ಹೆಸರಿನ ಹಲಗೆಯಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದ ಅಕ್ಷರ 0.9 ಇಳಿಯಿತು, ಪ್ಲೈವುಡ್ಡಿನ ಕೆಳಪದರ ಹಲ್ಲು ತೋರಿಸಿತು. ಬಿಲ್ಲೆಯ ದಪ್ಪ 20 ಎಂದು ನಾವು ಬರೆದುಕೊಟ್ಟಿದ್ದೆವು. ವರ್ನಿಯರಿನಲ್ಲಿ ಅಳೆದರೆ 19.6. ದೊಡ್ಡಬಳ್ಳಾಪುರದ ಶೂನ್ಯ ಮರದೊಳಗೆ 0.4 ಕೆಳಗಿತ್ತು. ಮಹಾವೀರಾಚಾರ್ಯನಿಗೆ ಜೊತೆಗಾರರು ಸಿಕ್ಕಿದಂತಾಯಿತು.

ದಪ್ಪ ತಿದ್ದಿ, ಹೊಸ ಹಲಗೆ ಬಿಗಿದು, ಮತ್ತೆ ಶೂನ್ಯ ಸಂಪಾದಿಸಿ, ಬಿಲ್ಲೆ ತೆಗೆದಿಟ್ಟು ಹುಡುಗ ಸ್ಪಿಂಡಲ್ ಚಾಲೂ ಮಾಡಿದ. ಬಿಲ್ಲೆ ತೆಗೆದಿದ್ದ, ಕ್ಲಿಪ್ಪು ತೆಗೆದಿರಲಿಲ್ಲ. ನಿಮಿಷಕ್ಕೆ ಸಾವಿರಾರು ಸುತ್ತಿನ ಬಿಟ್ಟು ಬೆಸುಗೆ ಹಾಕಿದ ವೈರನ್ನು ಬೋರ್ಡಿನಿಂದ ಕಿತ್ತು, ಒಂದು ಉಸಿರಿನಲ್ಲಿ ಸಾಲು ಸಾಲಾಗಿ ತನ್ನ ಮೈಗೆ ಸುತ್ತಿಕೊಂಡಿತು. ಹುಡುಗ ಸ್ವಿಚ್ಚಿಗೆ ಹಾರಿದ. ತಾತ ಬಗ್ಗಿ ನೋಡಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

“ಕಂಡಿಕೆ ಚೆನ್ನಾಗಿ ಸುತ್ತತದಲ್ಲೋ! ಎಷ್ಟು ಕೊಟ್ಟೆ ಇದಕ್ಕೆ?”