ಇಳಿಯೋದಾದ್ರ ವಿದ್ಯಾನಗರದಾಗ ಇಳೀರಿ

ಹುಬ್ಬಳ್ಳಿಗೆ ಬರುವವರು ಯಾರೇ ಇರಲಿ, ಎಲ್ಲಿ ಇಳಿದುಕೊಳ್ಳಬೇಕು ಎಂದು ಕೇಳಿದರೆ ಉತ್ತರ ಒಂದೇ: ವಿದ್ಯಾನಗರ. ಮದುವೆಗೆ ಬಂದವರಿಗೆ ವಿದ್ಯಾನಗರ, ಮಗನಿಗೆ ಎಂಜಿನಿಯರಿಂಗ್ ಸೀಟು ನೋಡಲು ಬಂದವರಿಗೆ ವಿದ್ಯಾನಗರ, ಸಿದ್ಧಾರೂಢರ ಜಾತ್ರೆಗೆ ಬಂದವರಿಗೂ ವಿದ್ಯಾನಗರ. ಮಠ ಇರುವುದು ಹಳೇ ಹುಬ್ಬಳ್ಳಿಯ ಕಡೆಗಲ್ಲವೇ ಎಂದು ಭಕ್ತರು ಅನುಮಾನಪಟ್ಟರೆ, "ಇರ್ಲಿ ಬಿಡ್ರಿ, ಆಟೋ ಸಿಗತಾವು. ಛಲೋ ಏರಿಯಾ ಐತಿ, ಡೀಸೆಂಟ್ ಮಂದಿ" ಎಂಬ ಸಮಾಧಾನ ಸಿಗುತ್ತದೆ. ಸಿದ್ಧಾರೂಢರು ಇಂದು ಇದ್ದಿದ್ದರೆ ಅವರಿಗೂ ಶಿರೂರ ಪಾರ್ಕಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು ನೋಡಿಕೊಡುವ ಹಿತೈಷಿಗಳಿದ್ದಾರೆ.

ಇಂಥ ಹಿತೈಷಿ ಕಾಕಾ ಒಬ್ಬರು ಈಚೆಗೆ ಪೋಲೆಂಡಿಗೆ ಹೊರಟರು. ಹೆಸರು ಬೇಡ; ಇವರಂಥವರು ಓಣಿಗಿಬ್ಬರಾದರೂ ಸಿಗುತ್ತಾರೆ. ಮಗ ಜರ್ಮನಿಯಲ್ಲಿದ್ದಾನೆ, ಪಕ್ಕದ ಪೋಲೆಂಡ್ ಸೋವಿ ಎಂದು ಯಾರೋ ಕಿವಿಗೆ ಹಾಕಿದ್ದಾರೆ. ಊರು ಕ್ರಾಕೋವ್ ಎಂದು ತೀರ್ಮಾನವಾಯಿತು. ಯಾವ ಏರಿಯಾದಲ್ಲಿ ಇಳಿಯಬೇಕು ಎಂಬುದು ಮಾತ್ರ ತಿಂಗಳುಗಟ್ಟಲೆ ಎಳೆಯಿತು.

ಕ್ರಾಕೋವ್ ಸುಮಾರು ಎಂಟು ಲಕ್ಷ ಜನರ ಊರು. ನಮ್ಮ ಅವಳಿ ನಗರ ಅದಕ್ಕಿಂತ ದೊಡ್ಡದು. 2011ರ ಜನಗಣತಿಯಲ್ಲೇ 9.43 ಲಕ್ಷ. ಹುಬ್ಬಳ್ಳಿಯಲ್ಲಿ ಹುಟ್ಟಿ ಅರವತ್ತು ದಾಟಿದ ಕಾಕಾನಿಗೆ ಇಲ್ಲಿ ಗೊತ್ತಿರುವುದು ವಿದ್ಯಾನಗರ, ದೇಶಪಾಂಡೆ ನಗರ, ಕೇಶ್ವಾಪುರ, ವಿಮಾನ ಹತ್ತಲು ಗೋಕುಲ ರೋಡ್. ಮಿಕ್ಕಿದ್ದೆಲ್ಲ ಅವರ ಪಾಲಿಗೆ 'ಆ ಕಡೆ'. ಆದರೆ ಕ್ರಾಕೋವಿನ ಒಂದೊಂದು ಗಲ್ಲಿಯೂ ಬಾಯಿಪಾಠವಾಯಿತು. ಮೊದಲ ಪ್ರಶ್ನೆಯನ್ನು ಮಾತ್ರ ಅವರು ಅಪ್ಪಟ ಹುಬ್ಬಳ್ಳಿಯವರಾಗಿಯೇ ಕೇಳಿದರು: "ಅಲ್ಲಿ ನೀರ ಎಷ್ಟ ದಿನಕ್ಕೊಮ್ಮಿ ಬಿಡತಾರ?" ದಿನಾ ಬರುತ್ತದೆ ಎಂದು ಮಗ ಹೇಳಿದಾಗ ನಂಬಲಿಲ್ಲ. ಮಲಪ್ರಭೆ ತುಂಬಿ ಹರಿದರೂ ವಾರ ಕಳೆದ ಮೇಲೆ ನಲ್ಲಿ ಗೊರಗುಟ್ಟುವುದನ್ನು ಕೇಳಿ ಬೆಳೆದವರು ನಂಬುವುದಾದರೂ ಹೇಗೆ?

ಪಟ್ಟಿಯಲ್ಲಿ ಮೊದಲು ಬಂದದ್ದು ಊರ ನಡುವಿನ ದೊಡ್ಡ ಚೌಕ. 1257ರಲ್ಲಿ ಅಳೆದು ಹಾಕಿದ ಪೇಟೆ. ಒಂದೊಂದು ಮಗ್ಗುಲೂ ಇನ್ನೂರು ಮೀಟರ್. ಅಲ್ಲಿನ ಸೇಂಟ್ ಮೇರಿ ಚರ್ಚಿನ ಗೋಪುರದಿಂದ ತಾಸಿಗೊಮ್ಮೆ, ನಡುರಾತ್ರಿಯಲ್ಲೂ ತಪ್ಪದೆ, ಒಬ್ಬ ಕಹಳೆ ಊದುತ್ತಾನೆ. "ರಾತ್ರಿ ಎರಡಕ್ಕೂ ಊದತಾರಂತ! ಎಂಥಾ ಪರಂಪರಾ!" ಎಂದು ಕಾಕಾ ಕಣ್ಣರಳಿಸಿದರು. ಪಕ್ಕದ ಓಣಿಯ ಭಜನೆಯ ಮೈಕಿನ ವಿರುದ್ಧ ಠಾಣೆಗೆ ಅರ್ಜಿ ಬರೆದವರಲ್ಲಿ ಮೊದಲ ಸಹಿ ಇವರದೇ.

ಕೊನೆಗೆ ಗೆದ್ದದ್ದು ಕಾಜಿಮಿಯೆಜ್. ಇಕ್ಕಟ್ಟಾದ ಓಣಿಗಳು, ಗಿಲಾವು ಉದುರಿದ ಗೋಡೆಗಳು, ಸರಿರಾತ್ರಿಯವರೆಗೂ ಗದ್ದಲ. ನಡುವೆ ಒಂದು ಬಯಲು. ಬಯಲ ನಡುವೆ ದುಂಡನೆಯ ಹಳೇ ಮಾರುಕಟ್ಟೆ ಕಟ್ಟಡ. ಅದರ ಕಿಂಡಿಗಳ ಮುಂದೆ ಸಾಲುಗಟ್ಟಿ ನಿಂತು ಜನ ತಿನ್ನುವುದು ಜಪಿಯೆಕಾಂಕಾ. ಉದ್ದನೆಯ ಬ್ರೆಡ್ಡನ್ನು ಸೀಳಿ, ಅಣಬೆ ಮತ್ತು ಚೀಸ್ ಹರಡಿ ಸುಟ್ಟದ್ದು. "ಅದ ನೋಡ್ರಿ ನಿಜವಾದ ಊರು. ಬೀದ್ಯಾಗ ನಿಂತು ತಿನ್ನಬೇಕು, ಹಳೇ ಗಲ್ಲಿಯೊಳಗ ದಾರಿ ತಪ್ಪಬೇಕು" ಎಂದು ಕಾಕಾ ಪ್ರವಚನ ಕೊಟ್ಟರು.

ನಾನು ದುರ್ಗದಬೈಲಿನ ಹೆಸರು ಎತ್ತಿದೆ. 1727ರ ಸುಮಾರಿಗೆ, ಸವಣೂರು ನವಾಬರ ಕಾಲದಲ್ಲಿ, ಬಸಪ್ಪ ಶೆಟ್ಟರ್ ಎಂಬ ವ್ಯಾಪಾರಿ ಹೊಸ ಹುಬ್ಬಳ್ಳಿ ಕಟ್ಟಿಸಿದ್ದು ಆ ಬಯಲಿನ ಸುತ್ತಲೇ. ಅಲ್ಲೂ ಇಕ್ಕಟ್ಟು ಓಣಿಗಳಿವೆ, ಸಂಜೆಯಾದರೆ ಗಿರಮಿಟ್ಟು, ಮಿರ್ಚಿ ಭಜಿ, ನಿಂತೇ ತಿನ್ನುವ ಜನಜಂಗುಳಿ. ಕಾಕಾ ಮುಖ ಕಿವುಚಿದರು. "ಅಲ್ಲಿ ಗಾಡಿ ಹಚ್ಚಾಕ ಜಾಗಾ ಇಲ್ರಿ. ಎಣ್ಣಿ ಬ್ಯಾರೆ ಚಲೋ ಇರಂಗಿಲ್ಲ." ಹಳೇ ಹುಬ್ಬಳ್ಳಿ? ಚಾಲುಕ್ಯರ ಕಾಲದ ಭವಾನಿಶಂಕರ ಗುಡಿ ಇದೆಯಲ್ಲ? "ಬ್ಯಾಡ ಬ್ಯಾಡ. ಅಲ್ಲಿ ಗದ್ದಲ ಇರತೈತಿ." ಯಾತರ ಗದ್ದಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅಲ್ಲಿರುವವರು ಯಾರು, ಅವರ ಗಡ್ಡ ಎಷ್ಟುದ್ದ, ಅಡುಗೆಮನೆಯಲ್ಲಿ ಬೇಯುವುದೇನು ಎಂಬುದೆಲ್ಲ 'ಗದ್ದಲ' ಎಂಬ ಒಂದೇ ಮಾತಿನಲ್ಲಿ ಸಭ್ಯವಾಗಿ ಅಡಗುತ್ತದೆ.

ಕಾಜಿಮಿಯೆಜಿನ ಚೆಲುವಿಗೆ ಕಾರಣವೇನು ಎಂಬುದನ್ನು ಕಾಕಾ ಓದಲಿಲ್ಲ, ಓಣಿಯ ಫೋಟೊಗಳನ್ನಷ್ಟೇ ನೋಡಿದರು. ಅದು ಶತಮಾನಗಳ ಕಾಲ ಯಹೂದಿಗಳ ಕೇರಿ. ಯುದ್ಧಕ್ಕೆ ಮುಂಚೆ ಕ್ರಾಕೋವಿನಲ್ಲಿ ಅರವತ್ತು ಸಾವಿರಕ್ಕೂ ಮೇಲ್ಪಟ್ಟು ಯಹೂದಿಗಳಿದ್ದರು. 1941ರ ಮಾರ್ಚಿನಲ್ಲಿ ನಾತ್ಸಿಗಳು ಹೊಳೆಯ ಆಚೆಯ ಪೊದ್ಗುಜೆಯಲ್ಲಿ ಗೋಡೆ ಕಟ್ಟಿ ಒಳಗೆ ತುಂಬಿದರು. 1943ರ ಮಾರ್ಚಿನಲ್ಲಿ ಆ ಗೋಡೆಯೊಳಗೂ ಯಾರನ್ನೂ ಉಳಿಸಲಿಲ್ಲ. ಮುಂದೆ ದಶಕಗಳ ಕಾಲ ಕಾಜಿಮಿಯೆಜ್ ಕ್ರಾಕೋವಿನ 'ಆ ಕಡೆ'ಯಾಗಿತ್ತು, ಮರ್ಯಾದಸ್ಥರು ಹೋಗುತ್ತಿರಲಿಲ್ಲ. 1993ರಲ್ಲಿ ಸ್ಪೀಲ್‌ಬರ್ಗ್ ಅಲ್ಲಿ 'ಶಿಂಡ್ಲರ್ಸ್ ಲಿಸ್ಟ್' ಚಿತ್ರೀಕರಿಸಿದ. ಆಮೇಲೆ ಕಾಫಿ ಅಂಗಡಿಗಳು ಬಂದವು, ಅವುಗಳ ಹಿಂದೆ ನಮ್ಮ ಕಾಕಾ. ಜನ ಬದುಕಿರುವ ತನಕ ಕೇರಿಯೆಂದರೆ ಹೆದರಿಕೆ. ಅವರನ್ನು ಮುಗಿಸಿ ಐವತ್ತು ವರ್ಷವಾದರೆ ಅದೇ ಹೆರಿಟೇಜ್.

ಅಲ್ಲಿಂದ ಎರಡು ದಿನ ವಾರ್ಸಾ ಕೂಡ ನೋಡುವುದಿತ್ತು. ಅಲ್ಲಿಯೂ 'ಹಳೇ ಪೇಟೆ'ಯೇ ಬೇಕೆಂದು ಹಟ. 1944ರ ದಂಗೆಯ ನಂತರ ಜರ್ಮನರು ಆ ಹಳೇ ಪೇಟೆಯನ್ನು ನೆಲಸಮ ಮಾಡಿದ್ದರು. ಈಗ ನಿಂತಿರುವುದು ಹಳೆಯ ಚಿತ್ರಗಳನ್ನು ಇಟ್ಟುಕೊಂಡು ಬಹುಮಟ್ಟಿಗೆ 1953ರ ಹೊತ್ತಿಗೆ ಮತ್ತೆ ಕಟ್ಟಿದ್ದು. ಅಂದರೆ ವಿದ್ಯಾನಗರದಲ್ಲಿ 1947ರಲ್ಲಿ ಶುರುವಾದ ಭೂಮರಡ್ಡಿ ಕಾಲೇಜಿಗಿಂತ ವಯಸ್ಸಿನಲ್ಲಿ ಚಿಕ್ಕದು. ಯುದ್ಧದಲ್ಲಿ ಹೆಚ್ಚು ಹಾಳಾಗದೆ ಉಳಿದ ನಿಜವಾದ ಹಳೇ ಮನೆಗಳಿರುವುದು ವಿಸ್ತುಲಾ ಹೊಳೆಯ ಆಚೆ ದಡದ ಪ್ರಾಗಾದಲ್ಲಿ. ಬಹುಕಾಲ ಪುಂಡರ ಏರಿಯಾ ಎಂಬ ಹೆಸರು ಹೊತ್ತಿತ್ತು, ಈಗ ಕಲಾವಿದರು ಹೋಗಿ ಕೂತಿದ್ದಾರೆ. ಕಾಕಾ ಅದನ್ನೂ ಬುಕ್ ಮಾಡಲು ತಯಾರಾದರು, ಕಾಕಿ ಬಿಡಲಿಲ್ಲ.

ಓಡಾಟಕ್ಕೆ ಅಲ್ಲಿ ಟ್ರಾಮ್ ಇದೆ. "ಕಾರ್ ಯಾಕ ಬೇಕ್ರಿ? ಸಾರ್ವಜನಿಕ ಸಾರಿಗಿ ಅಂದ್ರ ಅದು!" 2018ರಿಂದ ಓಡುತ್ತಿರುವ ಚಿಗರಿ ಬಸ್ಸು ವಿದ್ಯಾನಗರದಲ್ಲೇ ನಿಲ್ಲುತ್ತದೆ, ಧಾರವಾಡಕ್ಕೂ ಮುಟ್ಟಿಸುತ್ತದೆ. ಕಾಕಾ ಹತ್ತಿಲ್ಲ. ಅದೇ ದಾರಿಯಲ್ಲಿ ಸ್ವಲ್ಪ ಮುಂದೆ ಉಣಕಲ್ಲಿನಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚಂದ್ರಮೌಳೇಶ್ವರ ಗುಡಿ ಇದೆ. ಅದನ್ನೂ ನೋಡಿಲ್ಲ, ಕೆರೆಯ ದಂಡೆಯಲ್ಲಿ ವಾಕಿಂಗ್ ಮುಗಿಸಿ ತಿರುಗಿಬಿಡುತ್ತಾರೆ.

ಕಾಜಿಮಿಯೆಜಿನ ಫ್ಲ್ಯಾಟು ಮೊಬೈಲಿನಲ್ಲಿ ನಾಲ್ಕು ಸಲ ಒತ್ತುವಷ್ಟರಲ್ಲಿ ಸಿಕ್ಕಿತು. ಮನೆಯೊಡತಿ ಊರು ಕೇಳಲಿಲ್ಲ, ಅಪ್ಪನ ಹೆಸರು ಕೇಳಲಿಲ್ಲ, ಒಗ್ಗರಣೆ ಹಾಕುತ್ತೀರಾ ಎಂದೂ ಕೇಳಲಿಲ್ಲ. ಕಾಕಾ ಇದನ್ನು ಓಣಿಗೆಲ್ಲ ಸಾರಿದರು: "ನೋಡ್ರಿ ಯುರೋಪಿನವರ ದೊಡ್ಡತನ!" ಅವರದೇ ಮಾಳಿಗೆಯ ಮೇಲಿನ ಎರಡು ಕೋಣೆ ಬಾಡಿಗೆಗಿವೆ. ಅದಕ್ಕೆ ಫೋನು ಬಂದರೆ ಹೆಸರಿಗಿಂತ ಮೊದಲು ಕೇಳುವುದು, "ನೀವು ಯಾವ ಪೈಕಿ ಆಗ್ಬೇಕ್ರಿ?" ಆಸ್ಪತ್ರೆಯ ಕಿರಿಯ ಡಾಕ್ಟರೊಬ್ಬ ಹೆಸರು ಹೇಳಿದ ಕೂಡಲೇ ಮನೆ ತುಂಬಿಹೋಯಿತು. ಕಾಲೇಜಿನ ಮೇಷ್ಟರೊಬ್ಬರು ಪೈಕಿ ಹೇಳಿದ ಕೂಡಲೇ ಮತ್ತೊಮ್ಮೆ ತುಂಬಿಹೋಯಿತು. ಕಿಟಕಿಯ ಬೋರ್ಡು ಮಾತ್ರ ಕೆಳಗಿಳಿದಿಲ್ಲ. ಹೊರಗಿನಿಂದ ಬಂದವನು ವಿದ್ಯಾನಗರವನ್ನು ಆರಿಸಿಕೊಳ್ಳುತ್ತಾನೆ ಎಂಬುದು ಬರೀ ಭ್ರಮೆ. ಆರಿಸುವುದು ವಿದ್ಯಾನಗರ, ಅವನನ್ನು.

ಪೋಲೆಂಡಿನವರು ಹಿಂದೊಮ್ಮೆ ನಮ್ಮ ಕಡೆಗೂ ಬಂದು ಇಳಿದಿದ್ದರು. 1943ರಿಂದ 1948ರವರೆಗೆ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಸಾಲುಮನೆಗಳಲ್ಲಿ ಬದುಕಿದರು. ಅವರನ್ನು ಯಾರೂ ಪೈಕಿ ಕೇಳಿ ಇಳಿಸಿಕೊಂಡದ್ದಲ್ಲ. ಹುಬ್ಬಳ್ಳಿಯ ಪುಣ್ಯ, ಆ ಜವಾಬ್ದಾರಿ ವಿದ್ಯಾನಗರದ ಪಾಲಿಗೆ ಬರಲಿಲ್ಲ.

ಕಾಕಾ ಈಗ ತಿರುಗಿ ಬಂದಿದ್ದಾರೆ. ಮಾಳಿಗೆಯ ಮೇಲಿನ ಎರಡು ಕೋಣೆ ಇನ್ನೂ ಖಾಲಿ ಇವೆ. ಗಾಳಿ ಬೆಳಕು ಛಲೋ, ಚಿಗರಿ ಸ್ಟಾಪು ಹತ್ತಿರ, ನೀರು ಬಂದಾಗ ಬರುತ್ತದೆ. ಪೋಲೆಂಡಿನವರು ಯಾರಾದರೂ ಇದ್ದರೆ ಧಾರಾಳವಾಗಿ ವಿಚಾರಿಸಬಹುದು. ಹಳೇ ಹುಬ್ಬಳ್ಳಿಯವರು ದಯವಿಟ್ಟು ಫೋನ್ ಮಾಡಬಾರದು.